ಡೇರೆಯಲ್ಲಿ ಕೂತ ಮಾಳಮ್ಮ

ಕೊಟ್ಟೂರು
೯ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಭೀಮ,

ಹೇಗಿದ್ದೀಯ? ನಿನ್ನ ಎದೆಯುರಿ ಕಡಿಮೆಯಾಗಿದೆಯೇ? ಪಾಳಿ ಮುಗಿಸಿ ಬಂದು ಖಾಲಿ ಹೊಟ್ಟೆಗೆ ಮಂಡಕ್ಕಿ, ಮಿರ್ಚಿ ತಿನ್ನುವ ಚಟ ಬಿಟ್ಟಿದ್ದೀಯೋ ಹೇಗೆ? ಕೇಳುವುದು ಪದ್ಧತಿ, ಅದಕ್ಕೆ ಕೇಳುತ್ತಿದ್ದೇನೆ. ಉತ್ತರ ನಿನ್ನ ಹೆಂಡತಿಯಿಂದ ಆಗಲೇ ಸಿಕ್ಕಿದೆ. "ಊಟ ಚೊಲೋ ಮಾಡ್ತಾರಕ್ಕ, ಡ್ಯೂಟಿಗೆ ಹೋಗ್ತಾರ. ದಾವಣಗೆರಿ ಅಂತ ನನ್ನ ಬಾಯಾಗ ಬಂತಂದ್ರ ಮಾತ್ರ ಚಪ್ಪಲಿ ಹಾಕ್ಕೊಂಡು ಹೊರಗ ಹೋಗಿಬಿಡ್ತಾರ" ಎಂದಳು ಸಮತಾ. ಅಂದರೆ ಆರೋಗ್ಯವಾಗಿದ್ದೀಯ. ಓಡಿಹೋಗುವಷ್ಟು ಕಾಲು ಗಟ್ಟಿಯಿರುವವನ ಬಗ್ಗೆ ಅಕ್ಕ ಚಿಂತೆ ಮಾಡಬೇಕಾಗಿಲ್ಲ.

ಈ ಕಾಲದಲ್ಲಿ ಕಾಗದವೇ ಎಂದು ನಗಬೇಡ. ನೀನು ನನ್ನ ಫೋನ್ ಎತ್ತುವುದಿಲ್ಲ, ಮೆಸೇಜ್ ತೆರೆಯುವುದಿಲ್ಲ. ಮೆಸೇಜನ್ನು ಓದದೆ ಬಿಡಲು ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಕಾಗದವನ್ನು ಓದಬಾರದೆಂದರೆ ಕೈಯೆತ್ತಿ ಹರಿಯಬೇಕು. ಅಷ್ಟು ಕೆಲಸವನ್ನಾದರೂ ನಿನಗೆ ಹಚ್ಚೋಣವೆಂದುಕೊಂಡೆ. ಕೊಟ್ಟೂರಿನಿಂದ ಹಡಗಲಿಗೆ ಅಂಚೆ! ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಬಸ್ ಬದಲಿಸಿದರೆ ಮುಗಿಯುವ ದಾರಿ. ನಡುವೆ ಸಮುದ್ರವಿಲ್ಲ, ಗಡಿಯಿಲ್ಲ. ಬಸ್‌ಸ್ಟ್ಯಾಂಡಿನ ಹೊಟೇಲಿನಲ್ಲಿ ಒಂದು ಚಹಾ ಕುಡಿದು ಬಂದುಬಿಡಬಹುದಾದ ದೂರವನ್ನು ನೀನು ಪರದೇಶ ಮಾಡಿಕೊಂಡು ಕೂತಿದ್ದೀಯ. ಇದಕ್ಕೂ ಒಂದು ಪ್ರತಿಭೆ ಬೇಕು.

ಅವ್ವ ನಮ್ಮ ಮನೆಯಲ್ಲೇ ಇದ್ದಾಳೆ. ಮಂಚದಿಂದ ಹಿತ್ತಲ ನಲ್ಲಿಗೆ ಹೋಗುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಾಳೆ. ನಿಂತದ್ದು ನಮಗೆ ಗೊತ್ತಾಗಬಾರದೆಂದು ಗೋಡೆಯನ್ನು ಉಗುರಿನಿಂದ ಕೆರೆದು, "ಈ ಗ್ವಾಡಿಗೆ ಸುಣ್ಣ ಹೊಡಸ್ರಲೇ, ಉದುರಾಕ ಹತ್ತೈತಿ" ಎನ್ನುತ್ತಾಳೆ. ಗೋಡೆ ಚೆನ್ನಾಗಿದೆ. ಉಸಿರು ಸಾಲುತ್ತಿಲ್ಲ. ದಾವಣಗೆರೆಯ ಡಾಕ್ಟರಮ್ಮ ನಿನ್ನೆದುರೇ ಹೇಳಿದ್ದು ನೆನಪಿದೆಯಲ್ಲ: ಎದೆಯ ಕವಾಟ ಕಿರಿದಾಗಿದೆ, ಬದಲಿಸಬೇಕು. ಬದಲಿಸದಿದ್ದರೆ ಈ ಏದುಸಿರು ತಿಂಗಳು ತಿಂಗಳಿಗೂ ಏರುತ್ತದೆ, ಹೆಚ್ಚೆಂದರೆ ಒಂದೆರಡು ವರ್ಷ. ಬದಲಿಸಿದರೆ ಅವ್ವನ ವಯಸ್ಸಿನ, ಅವ್ವನಂತೆ ಸಕ್ಕರೆ ಕಾಯಿಲೆ ಇರುವ ನೂರು ಜನರಲ್ಲಿ ತೊಂಬತ್ತು ಜನ ನಡೆದುಕೊಂಡು ಮನೆಗೆ ಹೋಗುತ್ತಾರೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳಿದಳು: "ಭೀಮ ಹೂಂ ಅನ್ಲಿ. ಅವ ಹೂಂ ಅಂದ್ರ ಹೊಕ್ಕೀನಿ, ಇಲ್ಲಾಂದ್ರ ಇಲ್ಲ." ಎಂ.ಎ. ಮಾಡಿ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ ಮಗಳ ಹೂಂ ಬೇಡವಂತೆ. ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದವಳ ಹೂಂ ಬೇಡವಂತೆ. ಕಿರಿಯ ಮಗ, ಮುದ್ದಿನ ಮಗ, ವಿದ್ಯುತ್ ಉಪಕೇಂದ್ರದ ಆಪರೇಟರ್ ಸಾಹೇಬರ ಹೂಂ ಬೇಕು. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದಾರೆ.

ದಸರೆಯ ರಜೆಗೆ ಬಂದಾಗ ನಮ್ಮ ಅಡುಗೆಮನೆಯಲ್ಲಿ ನೀನು ಮಾಡಿದ ಭಾಷಣ ನನಗೆ ಬಾಯಿಪಾಠವಾಗಿದೆ. "ಅಕ್ಕಾ, ತೊಂಬತ್ತು ಅಂದ್ರ ಏನಂತ ಗೊತ್ತೈತೇನು ನಿನಗ? ತೊಂಬತ್ತೈದು ತಪ್ಪಿದ್ದು ನಾ ಕಣ್ಣಾರೆ ನೋಡೀನಿ. ಒಮ್ಮೆ ಅಲ್ಲ, ಎಷ್ಟು ಸಲ!" ಎಲ್ಲೋ ಆಸ್ಪತ್ರೆಯಲ್ಲಿ ನೋಡಿರಬೇಕು ಎಂದುಕೊಂಡು ನಾನು ಒಲೆ ಆರಿಸಿ ನಿಂತೆ. ಎಲ್ಲಿ ಎಂದು ಕೇಳಿದರೆ ನೀನು ಹೇಳಿದ್ದು, ಗೇಮಿನಲ್ಲಿ. ನಲವತ್ತೊಂದು ವರ್ಷದ ಗಂಡಸು, ಸಾವಿರಾರು ಮನೆಗಳ ದೀಪ ನಿನ್ನ ಕೈಯಲ್ಲಿದೆ, ತಾಯಿಯ ಎದೆಯ ವಿಷಯವನ್ನು ಕಂಪ್ಯೂಟರ್ ಆಟದಲ್ಲಿ ಬಾಣ ತಪ್ಪಿದ ಲೆಕ್ಕದಿಂದ ತೀರ್ಮಾನಿಸಿದೆ. "ಬೇಕಂದ್ರ ನೀನ ಸಹಿ ಹಾಕು, ನನ್ನ ಕೇಳಬ್ಯಾಡ" ಎಂದು ಎದ್ದುಹೋದೆ. ಹೋಗುವ ಗಡಿಬಿಡಿಯಲ್ಲಿ ನಿನ್ನ ಲ್ಯಾಪ್‌ಟಾಪನ್ನು ಇಲ್ಲೇ ಬಿಟ್ಟುಹೋದೆ. ಪಡಸಾಲೆಯ ಮಂಚದ ಮೇಲೆ ಅವ್ವ ಮಲಗಿದ್ದಳು. ಅವಳ ಕವಾಟ ಕಿರಿದಾಗಿದೆ, ಕಿವಿ ಆಗಿಲ್ಲ.

ಅದನ್ನು ನಾನು ತೆರೆದೆ. ಕ್ಷಮೆ ಕೇಳುವುದಿಲ್ಲ. ಪಾಸ್‌ವರ್ಡು ಅಪ್ಪನ ಹೆಸರು. ಗುಟ್ಟನ್ನೂ ನೆಟ್ಟಗೆ ಇಡಲು ಬಾರದವನು ನೀನು. ನನ್ನ ತಾಯಿಯನ್ನು ಮಂಚಕ್ಕೆ ಅಂಟಿಸಿರುವ ಆ ಆಟ ಯಾವುದು ಎಂದು ನೋಡಬೇಕಿತ್ತು. ನೋಡಿದೆ. ಆಡಿದೆ ಕೂಡ. ಅವ್ವ ಮಧ್ಯಾಹ್ನ ಮಲಗಿದಾಗ ಅವಳ ಕಾಲ ಬುಡದಲ್ಲಿ ಕೂತು, ತೊಡೆಯ ಮೇಲಿರಬೇಕಾದ ಕವನ ಸಂಕಲನವನ್ನು ಪಕ್ಕಕ್ಕಿಟ್ಟು, ಮೂರು ವಾರ ಆಡಿದೆ. ಮೊದಲ ದಿನವೇ ತಿಳಿಯಿತು, ಇದು ನಮ್ಮ ಚೌಕಾಬಾರವೇ; ಬಟ್ಟೆ ಮಾತ್ರ ಬೇರೆ. ನೆಲದ ತುಂಬ ಚೌಕಗಳು. ನಮ್ಮದೊಂದು ಪಡೆ, ಅವರದೊಂದು ಪಡೆ. ಒಮ್ಮೆ ನಾವು ನಡೆಯಬೇಕು, ಒಮ್ಮೆ ಅವರು. ಹೊಡೆಯುವ ಮೊದಲು ಈ ಏಟು ತಾಗುವ ಸಂಭವ ನೂರಕ್ಕೆ ಇಷ್ಟು ಎಂದು ತೋರಿಸುತ್ತದೆ. ಆಮೇಲೆ ಯಂತ್ರ ಒಳಗೊಳಗೇ ಕವಡೆ ಹಾಕುತ್ತದೆ. ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ. ಸತ್ತ ಸೈನಿಕ ಮತ್ತೆ ಏಳುವುದಿಲ್ಲ. ಗೆದ್ದು ಉಳಿದವರು ಲೆವೆಲ್ ಏರುತ್ತಾ ಬಲಿಯುತ್ತಾರೆ.

ಅವ್ವ ನಮಗೆ ಚೌಕಾಬಾರ ಕಲಿಸಿದ್ದು ಇದಕ್ಕಿಂತ ದೊಡ್ಡ ಶಾಲೆ ಕಣೋ. ಬಿದ್ದ ಗರವನ್ನು ನೀನು ಬೈಯುತ್ತಿದ್ದೆ, ಕವಡೆಯನ್ನು ಬೈಯುತ್ತಿದ್ದೆ, ನೆಲ ಓರೆಯಾಗಿದೆ ಎನ್ನುತ್ತಿದ್ದೆ. ಒಮ್ಮೆ ನಿನ್ನ ಕಾಯಿಯನ್ನು ಅವ್ವ ಹಣ್ಣಾಗುವ ಹೊತ್ತಿಗೆ ಕಡಿದಳೆಂದು ಅಳುತ್ತಾ ಎದ್ದು ಹೊರಟವನನ್ನು ಅಂಗಿ ಹಿಡಿದು ಕೂರಿಸಿದ್ದಳು. "ಬೈಯೋದಾದ್ರ ಬೈಯಿ, ಏಳಬ್ಯಾಡ." ನಮ್ಮ ಮನೆಯ ಚೌಕಾಬಾರಕ್ಕೆ ಇದ್ದದ್ದು ಇದೊಂದೇ ಕಾಯಿದೆ. ಗರವನ್ನು ಎಷ್ಟು ಬೇಕಾದರೂ ಬೈಯಬಹುದು, ಆಟದ ಮನೆಯ ಎದುರಿನಿಂದ ಏಳುವಂತಿಲ್ಲ. ನೀನು ಬೈಯುವುದನ್ನು ಮಾತ್ರ ಕಲಿತೆ.

ನಿನ್ನ ಆಟದ ಬಗ್ಗೆ ಇಂಟರ್ನೆಟ್ಟಿನಲ್ಲಿ ಜಗಳವಾಡುವವರ ಒಂದು ಲೋಕವೇ ಇದೆಯಲ್ಲ, ಅದನ್ನೂ ಓದಿದೆ. ಅಂಥ ಗೋಳಾಟವನ್ನು ನಾನು ಹತ್ತಿಯ ಬೆಲೆ ಬಿದ್ದ ವರ್ಷದ ಮಾರುಕಟ್ಟೆಯಲ್ಲೂ ಕೇಳಿಲ್ಲ. ಒಬ್ಬ ಅದೃಷ್ಟವೇ ಎಲ್ಲ ಎನ್ನುತ್ತಾನೆ, ಇನ್ನೊಬ್ಬ ತಂತ್ರವೇ ಎಲ್ಲ ಎನ್ನುತ್ತಾನೆ. ಇಬ್ಬರೂ ಒಂದೇ ಒಲೆಯ ಬೂದಿ. ತಾಗಿದರೆ ತಂತ್ರ, ತಪ್ಪಿದರೆ ನಸೀಬು. ಗೆದ್ದವನು ಯಾರೂ "ನನ್ನ ಅದೃಷ್ಟ ಚೆನ್ನಾಗಿತ್ತು" ಎಂದು ಬರೆದದ್ದನ್ನು ನಾನು ಕಾಣಲಿಲ್ಲ. ಸೋತವನು ಯಾರೂ "ನಾನು ಆ ಚೌಕಕ್ಕೆ ಹೋಗಬಾರದಿತ್ತು" ಎಂದು ಬರೆದದ್ದನ್ನೂ ಕಾಣಲಿಲ್ಲ. ನಮ್ಮ ಸ್ಟಾಫ್ ರೂಮಿನ ಪಾಲಾಕ್ಷಪ್ಪನವರನ್ನು ಇವರ ಅಧ್ಯಕ್ಷರನ್ನಾಗಿ ಮಾಡಬೇಕು. ಅವರ ತರಗತಿಯ ಫಲಿತಾಂಶ ಚೆನ್ನಾಗಿ ಬಂದರೆ "ನನ್ನ ಮೆಥಡ್ರಿ ಮೇಡಂ", ಕೆಟ್ಟರೆ "ಈ ಸಲದ ಬ್ಯಾಚ್ ಸರಿ ಇಲ್ರಿ". ಮೀಸೆ ತಿರುವಲು ಒಂದು ಕೈ, ಹಣೆ ಬಡಿದುಕೊಳ್ಳಲು ಒಂದು ಕೈ. ಚಾಕ್‌ಪೀಸು ಹಿಡಿಯಲು ಕೈ ಉಳಿಯುವುದೇ ಇಲ್ಲ.

ತೊಂಬತ್ತೈದು ತಪ್ಪಿದ್ದನ್ನು ನೋಡಿದ್ದೀಯಂತೆ. ನೋಡದೆ ಏನು ಮಾಡುತ್ತೀ? ಇಪ್ಪತ್ತು ಏಟಿಗೊಂದು ತಪ್ಪಬೇಕು ಎಂದೇ ಅದರ ಅರ್ಥ. ವರ್ಷಗಟ್ಟಲೆ ಹೊಡೆಯುತ್ತಾ ಕೂತವನಿಗೆ ತಪ್ಪಿದ್ದು ಕಾಣದಿದ್ದರೆ ಆಟ ಕೆಟ್ಟಿದೆ ಎಂದು ಅರ್ಥ. ತಾಗಿದವುಗಳ ಮುಖವನ್ನೇ ನೀನು ನೋಡಿಲ್ಲ. ಊಟದಲ್ಲಿ ಹಲ್ಲಿಗೆ ಸಿಕ್ಕ ಕಲ್ಲನ್ನು ನೆನಪಿಟ್ಟುಕೊಂಡು, ತಿಂದ ಅನ್ನವನ್ನೆಲ್ಲ ಮರೆತು, ಅಕ್ಕಿ ಎಂದರೆ ಕಲ್ಲು ಎಂದು ಊರೆಲ್ಲ ಹೇಳಿಕೊಂಡು ಬರುವವನು ನೀನು.

ಆದರೆ ನಿನ್ನನ್ನು ನಾನು ನಿಜವಾಗಿ ತಿರಸ್ಕರಿಸಿದ್ದು ಮುಂದಿನ ಸಂಗತಿ ತಿಳಿದಾಗ. ನಿನ್ನ ಆಟದಲ್ಲಿ ಬೇಕಾದಲ್ಲಿ ಸೇವ್ ಮಾಡಿ, ಕೆಟ್ಟದ್ದಾದರೆ ಅಲ್ಲಿಗೆ ಮರಳಬಹುದು. ಅವ್ವನ ಚೌಕಾಬಾರದಲ್ಲಿ ಇಂಥ ಹೇಡಿತನಕ್ಕೆ ಜಾಗವಿರಲಿಲ್ಲ. ನಾನೂ ಒಮ್ಮೆ ಮರಳಿ ನೋಡಿದೆ. ಅದೇ ಬಾಣ, ಅದೇ ಗುರಿ, ಮತ್ತೆ ತಪ್ಪಿತು. ಮತ್ತೆ ಮರಳಿದೆ, ಮತ್ತೆ ತಪ್ಪಿತು. ಆಗ ಗೊತ್ತಾಯಿತು, ಯಂತ್ರ ಮುಂದಿನ ಗರವನ್ನು ಮೊದಲೇ ಹಾಕಿ ಮುಚ್ಚಿಟ್ಟಿರುತ್ತದೆ. ಎಷ್ಟು ಸಲ ಮರಳಿದರೂ ಕಾದಿರುವುದು ಅದೇ ಕೆಟ್ಟ ಗರ. ನೀನು ಇದಕ್ಕೆ ಕಂಡುಕೊಂಡ ಉಪಾಯವನ್ನು ಆ ಜಗಳಗಂಟರ ನಡುವೆ ಬರೆದು ಮೆಚ್ಚುಗೆಯನ್ನೂ ಗಳಿಸಿದ್ದೀಯ. ಕೆಟ್ಟ ಗರ ಬರಲಿದೆ ಎಂದು ಗೊತ್ತಾದರೆ ಮೊದಲು ಕೆಲಸಕ್ಕೆ ಬಾರದ ಒಬ್ಬ ಸೈನಿಕನಿಂದ ಸುಮ್ಮನೆ ಒಂದು ಏಟು ಹೊಡೆಸುವುದು. ಆ ಕೆಟ್ಟ ಗರವನ್ನು ಅವನು ತಿನ್ನುತ್ತಾನೆ. ಆಮೇಲೆ ಬೇಕಾದವರು ಹೊಡೆಯುತ್ತಾರೆ. ಇದರ ಹೆಸರು ತಂತ್ರವಂತೆ.

ಪಕ್ಕದ ಮನೆಯ ಭರಮಮ್ಮ ಮೊಮ್ಮಗನಿಗೆ ಜ್ವರ ಬಂದರೆ ನಿಂಬೆಹಣ್ಣು ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಇಟ್ಟುಬರುತ್ತಾಳೆ. ತುಳಿದವನಿಗೆ ಜ್ವರ ಹೋಗಲಿ ಎಂದು. ನೀನು ಅವಳನ್ನು ನೋಡಿ ನಗುತ್ತಿದ್ದೆ. ಹಣೆಬರಹ ಎಂಬ ಮಾತನ್ನೇ ಹೊಸಿಲು ದಾಟಗೊಡದ ಮನೆ ನಮ್ಮದು. ರೈಲ್ವೆ ಗ್ಯಾಂಗಿನಲ್ಲಿ ಬಿಸಿಲಿಗೆ ಸುಟ್ಟು ಬಂದ ಅಪ್ಪ, "ಹಣಿ ಮ್ಯಾಲೆ ಏನೂ ಬರೆದಿಲ್ಲಲೇ, ಬೆವರು ಅದು, ಒರಸ್ಕೊ" ಎನ್ನುತ್ತಿದ್ದ. ಆ ಓಬಣ್ಣನ ಮಗ ಕಂಪ್ಯೂಟರಿನೊಳಗೆ ನಿಂಬೆಹಣ್ಣು ಇಡುತ್ತಿದ್ದಾನೆ. ಭರಮಮ್ಮನೇ ವಾಸಿ. ಅವಳು ಅದನ್ನು ತಂತ್ರ ಎಂದು ಯಾರಿಗೂ ಹೇಳಿಕೊಂಡಿಲ್ಲ. ಹಣ್ಣು ಇಟ್ಟ ಮೇಲೆ ಮಗುವನ್ನು ಡಾಕ್ಟರ ಬಳಿಗೂ ಒಯ್ಯುತ್ತಾಳೆ.

ಆ ಕೆಲಸಕ್ಕೆ ಬಾರದ ಸೈನಿಕ ಯಾರು ಎಂದು ನೋಡಿದೆ. ನೀನು ನಿನ್ನ ಪಡೆಗೆ ನಮ್ಮ ಮನೆಯವರ ಹೆಸರನ್ನೇ ಇಟ್ಟಿದ್ದೀಯ. ಗುರಾಣಿ ಹಿಡಿದ ಓಬಣ್ಣ. ಕುದುರೆ ಏರಿದ ಸಮತಾ. ನಿನ್ನ ಭಾವನಿಗೂ ಒಂದು ಕೊಡಲಿ ಕೊಟ್ಟಿದ್ದೀಯ. ತೋರಿಸಿದರೆ ಕ್ರಾಂತಿಕುಮಾರ್ ಅವರು ಮೂರು ದಿನ ಕನ್ನಡಿ ನೋಡಿಕೊಂಡರು. ಕೆಟ್ಟ ಗರ ತಿನ್ನುವುದಕ್ಕೆ ಮುಂದೆ ಕಳಿಸುವವಳ ಹೆಸರು ಕೋಮಲಾ, ನನ್ನದೇ ಹೆಸರು. ಕೈಯಲ್ಲಿ ಒಂದು ಮುರುಕು ಭರ್ಜಿ. ಬಂಡೆಗೆ ಹೊಡೆಯುತ್ತಾಳೆ, ಗಾಳಿಗೆ ಹೊಡೆಯುತ್ತಾಳೆ, ತಪ್ಪುತ್ತಾಳೆ, ಹಿಂದೆ ಬಂದು ನಿಲ್ಲುತ್ತಾಳೆ. ಬಹಳ ಹೊತ್ತು ಅವಳನ್ನೇ ನೋಡುತ್ತಾ ಕೂತಿದ್ದೆ. "ಬೇಕಂದ್ರ ನೀನ ಸಹಿ ಹಾಕು, ನನ್ನ ಕೇಳಬ್ಯಾಡ." ಆ ಮಾತನ್ನು ಎಲ್ಲಿಂದ ಕಲಿತೆ ಎಂದು ಗೊತ್ತಾಯಿತು ಕಣೋ, ಸೇನಾಪತಿ.

ನಾನು ಆಡಿದ ಮೊದಲ ಯುದ್ಧಗಳಲ್ಲಿ ಎಲ್ಲವನ್ನೂ ಸೋತೆ. ನಿನ್ನ ಪಡೆಯನ್ನು ಮುಟ್ಟಿರಲಿಲ್ಲ, ಹೆದರಬೇಡ. ನನ್ನದೇ ಬೇರೆ ಆಟ ಶುರು ಮಾಡಿಕೊಂಡಿದ್ದೆ. ಸೋಲುತ್ತಾ ಸೋಲುತ್ತಾ ಒಂದು ಮಾತು ಹೊಳೆಯಿತು, ಇದನ್ನು ಆ ಜಗಳದಲ್ಲಿ ಯಾರೂ ಬರೆದಿರಲಿಲ್ಲ ಅಥವಾ ಬರೆದವನ ಮಾತನ್ನು ಯಾರೂ ಕೇಳಿರಲಿಲ್ಲ. ಹೊಡೆಯುವ ಮುಂಚೆ ಕೇಳಿಕೊಳ್ಳಬೇಕಾದದ್ದು ತಾಗುತ್ತದೆಯೇ ಎಂದಲ್ಲ. ಅದಕ್ಕೆ ಉತ್ತರ ಯಾರ ಬಳಿಯೂ ಇಲ್ಲ. ತಪ್ಪಿದರೆ ನಾನು ಎಲ್ಲಿ ನಿಂತಿರುತ್ತೇನೆ, ನನ್ನ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳಿಕೊಳ್ಳಬೇಕು. ಬೆನ್ನಿಗೆ ಗೋಡೆ ಇದೆಯೇ, ಮದ್ದು ಕೊಡುವವರು ಕೈಗೆಟುಕುವಷ್ಟು ಹತ್ತಿರವಿದ್ದಾರೆಯೇ. ತಪ್ಪಿದರೂ ಸಾಯದ ಹಾಗೆ ನಿಂತು ಹೊಡೆಯುವುದಷ್ಟೇ ತಂತ್ರ. ಉಳಿದದ್ದು ಗರ. ಕವಿತೆ ಓದುವಾಗಲೂ ನನಗೆ ಹೀಗೇ ಅನ್ನಿಸುತ್ತದೆ. ಒಂದು ಸಾಲು ಎಲ್ಲಿಂದಲೋ ಬಂದು ಬೀಳುತ್ತದೆ, ಕವಿ ಅದನ್ನು ವರ ಎನ್ನುತ್ತಾನೆ. ಇರಬಹುದು. ಆದರೆ ಅದಕ್ಕಿಂತ ಹಿಂದಿನ ಸಾಲುಗಳು ಬೆವರು ಸುರಿಸಿ ಜಾಗ ಮಾಡಿರದಿದ್ದರೆ ಆ ವರ ನಿಲ್ಲುವುದೆಲ್ಲಿ?

ಹೋದ ವಾರ ಒಬ್ಬಳೇ ದಾವಣಗೆರೆಗೆ ಹೋಗಿದ್ದೆ. ಡಾಕ್ಟರಮ್ಮನ ಬಳಿ ತೊಂಬತ್ತರ ಸುದ್ದಿ ಎತ್ತಲಿಲ್ಲ. ಉಳಿದ ಹತ್ತರ ಬಗ್ಗೆ ಹೇಳಿ ಎಂದೆ. ಆಕೆ ಕನ್ನಡಕ ತೆಗೆದು ನನ್ನನ್ನು ನೋಡಿ, ಮೊದಲ ಬಾರಿಗೆ ಅವಸರ ಮಾಡದೆ ಮಾತಾಡಿದರು. ರಕ್ತ ಹೆಚ್ಚು ಹೋದರೆ ಇದು, ಎದೆಬಡಿತ ತಪ್ಪಿದರೆ ಇದು, ಮೂತ್ರಪಿಂಡ ದಣಿದರೆ ಇದು ಎಂದು ಒಂದೊಂದಕ್ಕೂ ಸಿದ್ಧವಾಗಿಟ್ಟದ್ದನ್ನು ಹೇಳಿದರು. ಮೊದಲು ಸಕ್ಕರೆ ಇಳಿಸಬೇಕು, ಅದು ನಮ್ಮ ಕೆಲಸ. ಉಸಿರು ಬಲಿಯಬೇಕು, ಅದಕ್ಕೆ ಮೂರು ಉಂಡೆಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಕೊಳವೆಯಲ್ಲಿ ಉಸಿರು ಎಳೆದರೆ ಉಂಡೆಗಳು ಏರುತ್ತವೆ. ಆಪರೇಷನ್ ಒಲ್ಲೆ ಎನ್ನುವ ಅವ್ವ ಅದನ್ನು ಮಾತ್ರ ಬಿಡಳು. ಅವಳಿಗೆ ಅದು ಔಷಧಿಯಲ್ಲ, ಆಟ. ಮೊದಲ ಉಂಡೆ ಏರಿದರೆ "ಚೌಕ" ಎನ್ನುತ್ತಾಳೆ, ಎರಡನೆಯದು ಏರಿದರೆ "ಬಾರ". ಮೂರನೆಯದು ಏರುವುದಿಲ್ಲ. ಆಗ ಅದನ್ನು ನಿನ್ನ ಹೆಸರು ಹಿಡಿದು ಬೈಯುತ್ತಾಳೆ: "ಏಳಲೇ ಭೀಮ್ಯಾ, ಎಷ್ಟು ಕರೀಲಿ ನಿನ್ನ!"

ಅಪ್ಪನ ವಿಷಯ ನೀನು ಎತ್ತುವುದಿಲ್ಲ, ಅದಕ್ಕೆ ನಾನೇ ಎತ್ತುತ್ತೇನೆ. ಅಪ್ಪ ಹರ್ನಿಯಾ ಆಪರೇಷನ್ನಿಗೆಂದು ನಗುತ್ತಾ ಒಳಗೆ ಹೋದವನು ಹೊರಗೆ ಬರಲಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಎಂದಿದ್ದರು. ನಿನ್ನ ಕೈಯಲ್ಲಿ ತನ್ನ ವಾಚು ಕೊಟ್ಟು ಹೋಗಿದ್ದ. ಆ ಒಂದು ಗರ ಬಿದ್ದ ಮೇಲೆ ನೀನು ಈ ಆಟಗಳ ಒಳಗೆ ಹೋದದ್ದು ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ನಿನ್ನ ಪಡೆಯಲ್ಲಿ ಓಬಣ್ಣನದೇ ಎಲ್ಲರಿಗಿಂತ ಮೇಲಿನ ಲೆವೆಲ್. ಎಷ್ಟು ಸಲ ಹಳೆಯ ಸೇವ್‌ಗೆ ಮರಳಿ ಅವನನ್ನು ಹಿಂದಕ್ಕೆ ಕರೆತಂದಿದ್ದೀಯೋ. ಇದನ್ನು ನಾನು ಹೀಯಾಳಿಸುವುದಿಲ್ಲ. ಹೀಯಾಳಿಸಬೇಕೆಂದು ಪೆನ್ನು ಹಿಡಿದೆ, ಆಗಲಿಲ್ಲ, ಬಿಡು.

ಆದರೆ ಮಾಳಮ್ಮನಿಗೆ ಮಾಡಿದ್ದನ್ನು ಬಿಡುವುದಿಲ್ಲ. ಮೊನ್ನೆ ನಿನ್ನ ಪಡೆಯ ಹೆಸರುಗಳನ್ನು ಕೆಳಗಿನವರೆಗೂ ನೋಡುತ್ತಾ ಹೋದಾಗ ಕಟ್ಟಕಡೆಯಲ್ಲಿ ಅವ್ವನ ಹೆಸರು ಕಂಡಿತು. ಬಿಲ್ಲುಗಾತಿ ಮಾಳಮ್ಮ, ಲೆವೆಲ್ ಒಂದು. ಎಲ್ಲರೂ ಬೆಟ್ಟ ಹತ್ತಿ ನದಿ ದಾಟಿ ಕೋಟೆ ಮುರಿದು ಎಲ್ಲೆಲ್ಲಿಗೋ ಹೋಗಿದ್ದಾರೆ, ಮಾಳಮ್ಮ ಮಾತ್ರ ಆಟ ಶುರುವಾದ ದಿನದಿಂದ ಡೇರೆಯಲ್ಲಿ ಕೂತಿದ್ದಾಳೆ. ಒಂದೇ ಒಂದು ಯುದ್ಧ ಕಂಡಿಲ್ಲ. ಗಾಯವಿಲ್ಲ, ಗೆಲುವಿಲ್ಲ. ಬಿಲ್ಲು ಕೂಡ ಮೊದಲ ದಿನ ಕೊಟ್ಟದ್ದೇ. ಮಹಾ ತಂತ್ರಗಾರ ತನ್ನ ತಾಯಿಯನ್ನು ಉಳಿಸಿಕೊಂಡ ಬಗೆ ಇದು! ಕವಡೆ ಹಾಕುವುದೇ ಬೇಡ, ಆಗ ಕೆಟ್ಟ ಗರ ಬೀಳುವುದೇ ಇಲ್ಲ. ಆದರೆ ಕೇಳು, ಆಟದ ಡೇರೆಯಲ್ಲಿ ಕೂತವರಿಗೆ ವಯಸ್ಸಾಗುವುದಿಲ್ಲ. ನಮ್ಮ ಪಡಸಾಲೆಯಲ್ಲಿ ಕೂತವರಿಗೆ ಆಗುತ್ತದೆ. ಇಲ್ಲಿ ಸುಮ್ಮನೆ ಕೂತರೂ ದಿನಾ ಒಂದು ಗರ ಬೀಳುತ್ತಲೇ ಇದೆ, ಅದು ನೂರಕ್ಕೆ ಎಷ್ಟು ಎಂದು ಯಾವ ಪರದೆಯೂ ತೋರಿಸುವುದಿಲ್ಲ, ಅಷ್ಟೇ.

ಅದನ್ನು ಕಂಡು ನಾನು ನಕ್ಕದ್ದನ್ನು ಕೇಳಿ ಅವ್ವ ಎದ್ದಳು. ಏನು ಎಂದಳು. ಹೇಳಬಾರದಿತ್ತೋ ಏನೋ, ಹೇಳಿದೆ. ಇಂಗ್ಲಿಷ್ ಅಕ್ಷರದಲ್ಲಿದ್ದ ಹೆಸರುಗಳನ್ನು ಓದಿ ಒಬ್ಬೊಬ್ಬರನ್ನಾಗಿ ತೋರಿಸಿದೆ. ಅಪ್ಪನ ಗುರಾಣಿಯನ್ನು ನೋಡಿ, "ಸೊಂಟ ಬಗ್ಗಿಸಿ ನಿಂತಾನ ನೋಡು, ಹಂಗ ನಿಂದ್ರತಿದ್ದ" ಎಂದಳು. ತಾನು ಡೇರೆಯಲ್ಲಿ ಕೂತದ್ದನ್ನು ಕಂಡಾಗ ಮಾತ್ರ ಮುಖ ಕೆಂಪಾಯಿತು. "ನನ್ನ ಯಾಕ ಕುಂದ್ರಿಸ್ಯಾನ ಇವ? ನಾ ಏನು ಉಪ್ಪಿನಕಾಯೇನು, ಭರಣ್ಯಾಗ ತುಂಬಿ ಬಾಯಿ ಕಟ್ಟಿ ಇಡಾಕ?" ಎಂದಳು. ಕಲ್ಲು ಹೊತ್ತದ್ದು, ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಳೆ ಕಿತ್ತದ್ದು, ಅಪ್ಪ ಹೋದ ಮೇಲೆ ಯಾರ ಮುಂದೆಯೂ ಕೈ ಚಾಚದೆ ಇದ್ದದ್ದು ಎಲ್ಲವನ್ನೂ ಏದುಸಿರಿನಲ್ಲೇ ಹೇಳಿ ಮುಗಿಸಿದಳು. ಆಮೇಲೆ ಪರದೆಯನ್ನು ಮತ್ತೆ ಹುಡುಕಿ ನೋಡಿ ಕೇಳಿದಳು, "ಇದರಾಗ ಭೀಮ ಎಲ್ಲದಾನ?"

ನಾನು ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ. ನಿನ್ನ ಹೆಸರಿನ ಸೈನಿಕ ಇಲ್ಲ. ಸೋದರತ್ತೆಯ ಮಗನಿಗೂ ಒಂದು ಕತ್ತಿ ಸಿಕ್ಕಿದೆ, ನಿನಗೆ ಸಿಕ್ಕಿಲ್ಲ. ಇಲ್ಲವ್ವ ಎಂದೆ. "ಎಲ್ಲಾರ್ನೂ ಬಯಲಾಗ ನಿಲ್ಲಿಸಿ ತಾ ಹೊರಗ ಅದಾನೇನು?" ಎಂದಳು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಬೈಯಲಿಲ್ಲ. ಅವ್ವ ಬೈಯದೆ ಸುಮ್ಮನಾದದ್ದನ್ನು ನಾನು ಅಪ್ಪ ಹೋದ ದಿನ ನೋಡಿದ್ದು ಬಿಟ್ಟರೆ ಮೊನ್ನೆಯೇ.

ಇನ್ನು ಹೇಳಲು ಏನೂ ಇಲ್ಲ. ಸಮತಾಳಿಗೆ ನನ್ನ ಪ್ರೀತಿ ತಿಳಿಸು. ನಿನ್ನಂಥವನ ಜೊತೆ ಸಂಸಾರ ಮಾಡುವುದು ಯಾವ ಆಟದಲ್ಲೂ ಇಲ್ಲದ ಲೆವೆಲ್. ಬಿಸಿಲಿಗೆ ಬರಿತಲೆಯಲ್ಲಿ ಓಡಾಡಬೇಡ. ಉಪಕೇಂದ್ರದಲ್ಲಿ ಕೆಲಸ ಮಾಡುವಾಗ ಕೈಗವಸು ಹಾಕಿಕೋ. ಅಲ್ಲಿ ಮರಳಿ ಬರುವುದಕ್ಕೆ ಸೇವ್ ಇಲ್ಲ ಎಂಬುದು ನಿನಗೂ ಗೊತ್ತು. ಅಲ್ಲಿ ನೀನು ಎಷ್ಟು ಎಚ್ಚರದ ಮನುಷ್ಯ ಎಂದು ನಿನ್ನ ಜೊತೆಯವರೆಲ್ಲ ಹೇಳುತ್ತಾರೆ, ಅದಕ್ಕೇ ನನಗೆ ಇಷ್ಟು ಸಿಟ್ಟು. ಹಿರಿಯಳಾಗಿ ಹುಟ್ಟಿದ ತಪ್ಪಿಗೆ ನಿನಗೆ ಆಶೀರ್ವಾದ ಮಾಡಬೇಕು, ಮಾಡಿದ್ದೇನೆ. ಚೆನ್ನಾಗಿರು.

ನಿನ್ನ ಅಕ್ಕ,
ಕೆಟ್ಟ ಗರ ತಿನ್ನುವ
ಕೋಮಲಾ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಅವ್ವ ಕರೆದಳು, ಅದಕ್ಕೆ ಇದನ್ನು ಗೀಚುತ್ತಿದ್ದೇನೆ. ಮಂಚದ ಮೇಲೆ ಎದ್ದು ಕೂತು, "ಡಾಕ್ಟರಮ್ಮಗ ಫೋನ್ ಹಚ್ಚು" ಎಂದಳು. ಭೀಮ ಹೂಂ ಅನ್ನಬೇಕಲ್ಲ ಎಂದೆ. "ಅವನ ಹೂಂ ಡೇರ್‍ಯಾಗ ಇರ್ಲಿ" ಎಂದಳು. ಫೋನ್ ಹಚ್ಚಿದೆ, ಡಾಕ್ಟರಮ್ಮ ದಿನ ಕೊಟ್ಟರು. ಇದೇ ೨೦ರ ಗುರುವಾರ ಬೆಳಿಗ್ಗೆ ಆಪರೇಷನ್. ಹಿಂದಿನ ದಿನ ಬುಧವಾರ ಬೆಳಿಗ್ಗೆ ಆರೂವರೆಗೆ ಕೊಟ್ಟೂರು ಬಿಡುತ್ತೇವೆ, ಹರಪನಹಳ್ಳಿಯಲ್ಲಿ ತಿಂಡಿಗೆ ನಿಲ್ಲುತ್ತೇವೆ. ಸಹಿ ಮೊದಲು ತಾನೇ ಹಾಕುತ್ತಾಳಂತೆ, ಆಮೇಲೆ ನಾನು. ನಿನ್ನನ್ನು ಏನೂ ಕೇಳುತ್ತಿಲ್ಲ.

ಇನ್ನೊಂದು. ನಿನ್ನ ಪಡೆಯನ್ನು ಈಗ ಮುಟ್ಟಿದ್ದೇನೆ. ಅವ್ವನೇ ಹೇಳಿ ಮಾಡಿಸಿದಳು. ಮಾಳಮ್ಮ ಡೇರೆಯಿಂದ ಹೊರಗೆ ಬಂದಿದ್ದಾಳೆ. ಎದುರಿಗೆ ಶತ್ರು. ನೂರಕ್ಕೆ ತೊಂಬತ್ತು ಎಂದು ತೋರಿಸುತ್ತಿದೆ. ಹೊಡೆಯಲಿಲ್ಲ, ಅಲ್ಲಿಗೇ ನಿಲ್ಲಿಸಿ ಸೇವ್ ಮಾಡಿದೆ, ನಿನ್ನ ಹಳೆಯ ಸೇವ್‌ಗಳನ್ನೆಲ್ಲ ಅಳಿಸಿದೆ. ಹಿಂದಕ್ಕೆ ಹೋಗುವ ದಾರಿ ಇಲ್ಲ. ಅವಳ ಎಡಕ್ಕೆ ಅಪ್ಪ ಗುರಾಣಿ ಹಿಡಿದು ನಿಂತಿದ್ದಾನೆ, ಹಿಂದೆ ನಾನು. ಜೊತೆಯವರು ಮಗ್ಗುಲಲ್ಲಿ ನಿಂತರೆ ಕೈಗೆ ಬಲ ಬರುತ್ತದೆ ಎಂದು ನಿನ್ನ ಆಟವೇ ಹೇಳುತ್ತದೆ. ಬಲಗಡೆಯ ಚೌಕದಲ್ಲಿ ಯಾರನ್ನು ನಿಲ್ಲಿಸಲಿ ಎಂದು ಅವ್ವನನ್ನು ಕೇಳಿದೆ. ಖಾಲಿ ಇರಲಿ ಎಂದಳು. ಬಂದು ಬೈಯಿ.